ಗಾಜಿನ ಕೋಣೆ, ಪಫ್ ಪ್ಯಾನೆಲ್, ಹಿತ್ತಲ ಕೋಣೆ: ಮೂರನ್ನೂ ಬಳಸಿ ನೋಡಿದ ಮೇಲೆ

ವಿಜಯಪುರದ ನಮ್ಮ ಮನೆಯ ಹಿತ್ತಲಿಗೆ ಹೊಂದಿಕೊಂಡು ಅಲ್ಯೂಮಿನಿಯಂ ಚೌಕಟ್ಟಿನ ಗಾಜಿನ ಕೋಣೆಯೊಂದಿತ್ತು. ದಾಳಿಂಬೆ ಗಿಡವನ್ನೂ ಮಲ್ಲಿಗೆ ಬಳ್ಳಿಯನ್ನೂ ನೋಡುತ್ತ ಕೂಡಬೇಕೆಂದು ಆಸೆಪಟ್ಟು ಕಟ್ಟಿಸಿದ ಆ ಕೋಣೆಯ ಬಾಗಿಲನ್ನು ಐದು ವರ್ಷವೂ ಮಾರ್ಚ್‌ನಿಂದ ಜೂನ್‌ವರೆಗೆ ಮುಚ್ಚಿಯೇ ಇಡಬೇಕಾಯಿತು. ಗಾಜು ಬಿಸಿಲನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಕಾದ ನೆಲ ಮತ್ತು ಕುರ್ಚಿಗಳು ಸೂಸುವ ಶಾಖವನ್ನು ಹೊರಗೆ ಬಿಡುವುದಿಲ್ಲ. ಏಪ್ರಿಲ್‌ನ ಒಂದು ಮಧ್ಯಾಹ್ನ ಹೊರಗೆ ನೆರಳಿನಲ್ಲಿ 40 ಡಿಗ್ರಿ ಇದ್ದಾಗ ಒಳಗೆ 47 ಇತ್ತು. ಫಿಲ್ಮ್ ಅಂಟಿಸಿ ಹಸಿರು ನೆಟ್ ಕಟ್ಟಿಸಿದ ಮೇಲೆ ಸೆಕೆ ತುಸು ಇಳಿಯಿತು, ಆದರೆ ತೋಟವೇ ಕಾಣದಂತಾಯಿತು. ಅಲ್ಯೂಮಿನಿಯಂ ಗಾಜಿಗಿಂತ ಎರಡು ಪಟ್ಟಿಗೂ ಹೆಚ್ಚು ಹಿಗ್ಗುವುದರಿಂದ ಅಂಚಿನ ಸಿಲಿಕೋನ್ ಬಿರಿದು ಪ್ರತಿ ಮಳೆಗಾಲ ಸೋರುತ್ತಿತ್ತು.

ಬಾಗಲಕೋಟೆಯ ನವನಗರದಲ್ಲಿರುವ ನನ್ನ ತಮ್ಮ ತನ್ನ ಇಂಥದೇ ಕೋಣೆಯ ಮೇಲಿನ ಗಾಜನ್ನಷ್ಟೇ ತೆಗೆಸಿ 50 ಮಿಲಿಮೀಟರ್ ದಪ್ಪದ ಪಫ್ ಪ್ಯಾನೆಲ್ (ಎರಡು ತಗಡುಗಳ ನಡುವೆ ಶಾಖ ತಡೆಯುವ ಫೋಮ್ ತುಂಬಿದ ಹಲಗೆ) ಹಾಕಿಸಿದ್ದಾನೆ. ಕೆಲಸ ಎರಡೇ ದಿನದ್ದು, ಖರ್ಚೂ ಕಡಿಮೆ. ಮೇ ತಿಂಗಳಲ್ಲಿ ಒಂದು ವಾರ ಅಲ್ಲಿದ್ದು ನೋಡಿದೆ: ನೆತ್ತಿ ಸುಡುವುದು ನಿಂತಿದೆ, ಆದರೆ ನಾಲ್ಕು ಗಂಟೆಯ ನಂತರ ಪಡುವಣ ಗಾಜಿನಿಂದ ಬಿಸಿಲು ನೇರವಾಗಿ ಮುಖಕ್ಕೆ ಬೀಳುತ್ತದೆ, ಮಳೆ ಬಂದರೆ ಸದ್ದಿಗೆ ಮಾತು ಕೇಳಿಸುವುದಿಲ್ಲ.

ಗಾಜಿನ ಕೋಣೆಯ ಬದಲು ಹಿತ್ತಲ ಕೋಣೆಯನ್ನೇ ಕಟ್ಟಿಸಲು ನಾವು ಮೊರೆಹೋದ ಆರ್ಕಿಟೆಕ್ಟ್ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತೂ ಬಂದು ಹಿತ್ತಲಲ್ಲಿ ನೆರಳು ಎಲ್ಲೆಲ್ಲಿ ಬೀಳುತ್ತದೆಂದು ಗುರುತು ಹಾಕಿಕೊಂಡ ಮೇಲೆಯೇ ನಕ್ಷೆ ಬರೆದರು. ಪಡುವಣಕ್ಕೆ ಕಿಟಕಿಯೇ ಇಲ್ಲದ ಒಂದೂವರೆ ಅಡಿ ದಪ್ಪದ ಕಲ್ಲಿನ ಗೋಡೆ, ಅದರಲ್ಲಿ ಹಳೆ ಮನೆಗಳಲ್ಲಿರುವಂಥ ಎರಡು ಮಾಡಗಳು. ಬಡಗಣಕ್ಕೆ ತೋಟದತ್ತ ಪೂರ್ತಿ ತೆರೆಯುವ ಬಾಗಿಲುಗಳು. ಬಡಗಣಕ್ಕೇಕೆ ಮೂರಡಿ ಛಜ್ಜಾ ಎಂದು ನಾನು ಕೇಳಿದ್ದೆ. ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ನಮ್ಮಲ್ಲಿ ನಡುಹಗಲಿನ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ ಎಂದು ಅವರು ತೋರಿಸಿಕೊಟ್ಟಾಗ ಅದರ ಬೆಲೆ ತಿಳಿಯಿತು. ಸ್ಲ್ಯಾಬಿನ ಮೇಲೆ ಬಿಳಿ ಟೈಲ್ಸ್ ಚೂರುಗಳನ್ನು ಹಾಸಿದ್ದಾರೆ. ಕಾದ ಗಾಳಿ ಹೊರಹೋಗಲು ಸೂರಿನಡಿಯಲ್ಲಿ ಬೆಳಕಿಂಡಿಗಳಿವೆ. ಈ ವರ್ಷ ಹೊರಗೆ 40 ಡಿಗ್ರಿ ಇದ್ದ ದಿನ ಫ್ಯಾನ್ ಮಾತ್ರ ಹಾಕಿದ್ದ ಒಳಗೆ 35 ಇತ್ತು. ಮಧ್ಯಾಹ್ನ ಅವ್ವ ಈಗ ಜೋಳ ಹಸನು ಮಾಡಲು ಮೊರ ಹಿಡಿದು ಅಲ್ಲಿಗೇ ಹೋಗಿ ಕೂಡುತ್ತಾಳೆ.

ಹಣ ಹೆಚ್ಚು ಹೋದದ್ದು ಕಣ್ಣಿಗೆ ಕಾಣದ ಅಡಿಪಾಯಕ್ಕೆ. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಗಾಜಿನ ಕೋಣೆಯ ಬಾಗಿಲು ಮಳೆಗಾಲದಲ್ಲಿ ಬಿಗಿದುಕೊಳ್ಳುತ್ತಿತ್ತು. ಈ ಸಲ ಆರಡಿ ಅಗೆದು ಗಟ್ಟಿಯಾದ ಗರಸು ಮಣ್ಣು ಹತ್ತಿದ ಮೇಲೆಯೇ ಕಲ್ಲು ಕೂಡಿಸಿದರು. ಒಟ್ಟು ಐದು ತಿಂಗಳು ಹಿಡಿಯಿತು. ಬಾಡಿಗೆ ಮನೆಯವರಿಗೂ ಇಷ್ಟು ಹಣ ತೊಡಗಿಸಲಾಗದವರಿಗೂ ತಮ್ಮನ ದಾರಿಯೇ ಸರಿ. ಪಡುವಣ ಬದಿಗೊಂದು ಬಿದಿರಿನ ತಟ್ಟಿಯನ್ನು ಮಾತ್ರ ಮರೆಯದೆ ಕಟ್ಟಬೇಕು. ಸ್ವಂತ ಮನೆಯುಳ್ಳವರಿಗೆ ನಾನು ಯಾವ ಅನುಮಾನವೂ ಇಲ್ಲದೆ ಹಿತ್ತಲ ಕೋಣೆಯನ್ನೇ ಹೇಳುತ್ತೇನೆ.

ಗಾಜಿನ ಕೋಣೆಯಲ್ಲಿ ನನಗೆ ನಿಜಕ್ಕೂ ಪ್ರಿಯವಾಗಿದ್ದುದು ಡಿಸೆಂಬರ್ ಮುಂಜಾನೆಯ ಎಳೆಬಿಸಿಲು. ಕಾಯಿಸಿ ಗಟ್ಟಿಗೊಳಿಸಿದ ಟಫನ್ಡ್ ಗಾಜನ್ನು ಮತ್ತೆ ಕತ್ತರಿಸಲು ಬರುವುದಿಲ್ಲವಾದ್ದರಿಂದ, ಆರ್ಕಿಟೆಕ್ಟ್ ಮೂಡಣ ಕಿಟಕಿಯ ಅಳತೆಯನ್ನೇ ನಮ್ಮ ಎರಡು ಹಳೆ ಗಾಜುಗಳಿಗೆ ಹೊಂದಿಸಿದರು.