ಮನೆ ಕಂಪ್ಯೂಟರಿಗೆ ಮೇಲ್ ಹಾಕಿಸುವ ಮುಂಚೆ ಆ ಒಂದು ಟಿಕ್ ನೋಡಿಕೊಳ್ಳಿ

ಕೊಡಗಿನ ನಾಪೋಕ್ಲು ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ. ಎರಡೇ ರೂಮು. ಬುಕಿಂಗ್ ಎಲ್ಲ ಮೇಲ್‌ನಲ್ಲೇ. ನಮ್ಮ ನೆಟ್‌ಗೆ ಬ್ರೌಸರಿನಲ್ಲಿ ಮೇಲ್ ತೆರೆಯುವಷ್ಟು ತ್ರಾಣ ಇಲ್ಲ. ಅದಕ್ಕೆ ಪೇಟೆಯಿಂದ ಒಬ್ಬ ಹುಡುಗನನ್ನು ಕರೆಸಿ, ಮೇಲ್ ಕಂಪ್ಯೂಟರಿಗೇ ಬಂದು ಬೀಳುವ ಹಾಗೆ ಮಾಡಿಸಿದೆ.

"ಪಾಪ್ ಹಾಕ್ಲಾ, ಐಮ್ಯಾಪ್ ಹಾಕ್ಲಾ ಅಂಕಲ್?" ಅಂದ. ಪಾಪ್ ಅಂದರೆ ಸರ್ವರ್‌ನಿಂದ, ಅಂದರೆ ಮೇಲ್ ಕಂಪನಿಯ ಕಂಪ್ಯೂಟರಿನಿಂದ, ಮೇಲನ್ನು ನಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳುವ ವಿಧಾನ. ಐಮ್ಯಾಪ್‌ನಲ್ಲಿ ಮೇಲ್ ಸರ್ವರ್‌ನಲ್ಲೇ ಉಳಿದು ಎಲ್ಲ ಕಡೆ ಒಂದೇ ಥರ ಕಾಣುತ್ತದೆ. ನೆಟ್ ಇಲ್ಲದಾಗಲೂ ಹಳೇ ಮೇಲ್ ಓದೋಕೆ ಆಗ್ಬೇಕು ಅಷ್ಟೇ ಅಂದೆ. "ಹಾಗಾದ್ರೆ ಪಾಪ್" ಅಂತ ಪೋರ್ಟ್ (ಮೇಲ್ ಹೋಗಿ ಬರುವ ಬಾಗಿಲಿನ ನಂಬರ್ ಇದ್ದ ಹಾಗೆ) 995 ಹಾಕಿದ. ಮೇಲ್ ಬಂತು. ಕಳಿಸಿದ್ದು ಮಾತ್ರ ಹೋಗಲೇ ಇಲ್ಲ. ಮೇಲ್ ಕಳಿಸುವ ವಿಧಾನವಾದ ಎಸ್‌ಎಂಟಿಪಿಗೆ ಪೋರ್ಟ್ 25 ಹಾಕಿದ್ದ. ಸ್ಪ್ಯಾಮ್ ಕಾಟಕ್ಕೆ ಮನೆ ಕನೆಕ್ಷನ್‌ಗಳಲ್ಲಿ ಅದನ್ನು ಮುಚ್ಚಿರುವುದೇ ಜಾಸ್ತಿ. 587 ಮಾಡಿ, ಕಳಿಸುವುದಕ್ಕೂ ಪಾಸ್‌ವರ್ಡ್ ಕೊಟ್ಟ ಮೇಲೆ ಸರಿಹೋಯಿತು. ಅರ್ಧ ದಿನ ಅದರಲ್ಲೇ ಕಳೆಯಿತು. 'ಸರ್ವರ್‌ನಲ್ಲಿ 14 ದಿನ ಮಾತ್ರ ಇಡು' ಅನ್ನುವ ಟಿಕ್ ಇನ್ನೊಂದು ಪುಟದಲ್ಲಿತ್ತು. ಅದನ್ನು ಅವನೂ ನೋಡಲಿಲ್ಲ, ನಾನೂ ನೋಡಲಿಲ್ಲ.

ಕಕ್ಕಡದ, ಅಂದರೆ ಜುಲೈ-ಆಗಸ್ಟಿನ, ಮಳೆಗೆ ಸಿಲ್ವರ್ ಮರ ಕರೆಂಟ್ ಲೈನ್ ಮೇಲೆ ಬಿತ್ತು. ಮೂರು ದಿನ ಕರೆಂಟಿಲ್ಲ. ವಾಪಸ್ ಬಂದಾಗ ಬಲ್ಬು ಒಮ್ಮೆ ಬೆಳ್ಳಗೆ ಉರಿದು ಹೋಯಿತು. ಕಂಪ್ಯೂಟರ್ ಒಳಗಿಂದ ಟಕ್, ಟಕ್, ಟಕ್. ಹಾರ್ಡ್ ಡಿಸ್ಕ್ ಹೋಗಿತ್ತು.

ಹೋದರೆ ಹೋಗಲಿ, ಮೇಲ್ ಸರ್ವರ್‌ನಲ್ಲಿ ಇರುತ್ತಲ್ವಾ ಅಂದುಕೊಂಡೆ. ಮಗಳ ಫೋನಿನಲ್ಲಿ ತೆರೆದರೆ ಎರಡು ವಾರದ್ದು ಬಿಟ್ಟು ಏನೂ ಇಲ್ಲ. ನಾನು ಕಳಿಸಿದ್ದಂತೂ ಒಂದೂ ಇಲ್ಲ. ಪಾಪ್ ಬರುವ ಮೇಲನ್ನು ಇಳಿಸಿಕೊಳ್ಳುತ್ತದೆ, ಅಷ್ಟೇ. ನಾವು ಕಳಿಸಿದ್ದರ ಪ್ರತಿ ನಮ್ಮ ಡಿಸ್ಕಿನಲ್ಲೇ ಕೂರುತ್ತದೆ. ಕೆಲವು ಕಡೆ ಸರ್ವರ್ ತಾನೇ ಒಂದು ಪ್ರತಿ ಇಟ್ಟುಕೊಳ್ಳುತ್ತದಂತೆ. ನನ್ನದು ಆ ಪೈಕಿ ಅಲ್ಲ.

ಅಕ್ಟೋಬರ್‌ನಲ್ಲಿ ತಲಕಾವೇರಿ ತೀರ್ಥೋದ್ಭವದ ಹಿಂದಿನ ಸಂಜೆ. ಎರಡೂ ರೂಮು ಭರ್ತಿ. ಅಂಗಳಕ್ಕೆ ಇನ್ನೊಂದು ಕಾರು ಬಂತು. ಐದು ಜನ, ಜೊತೆಗೆ ಕೋಲು ಹಿಡಿದ ಅಜ್ಜಿ. ಯಜಮಾನರು ಫೋನ್ ಮುಂದೆ ಹಿಡಿದರು. ಜೂನ್‌ನಲ್ಲಿ ನಾನೇ ಬರೆದದ್ದು: "ಎರಡೂ ರೂಮು ನಿಮಗೇ ಇಟ್ಟಿದ್ದೇನೆ, ಧೈರ್ಯವಾಗಿ ಬನ್ನಿ." ಕೆಳಗೆ ನನ್ನ ಹೆಸರು. ಏನು ಹೇಳೋದು? ನಮ್ಮ ಮಲಗುವ ಕೋಣೆ ಅವರಿಗೆ ಬಿಟ್ಟು, ನಾವು ಕಾಫಿ ಚೀಲಗಳ ಪಕ್ಕ ಚಾಪೆ ಹಾಸಿಕೊಂಡೆವು. ಹೆಂಡತಿ ಎರಡು ದಿನ ಮಾತಾಡಲಿಲ್ಲ. ಅದು ನ್ಯಾಯವೇ.

ಈಗ ಐಮ್ಯಾಪ್ ಹಾಕಿಸಿದ್ದೇನೆ, ಪೋರ್ಟ್ 993. ಕಂಪ್ಯೂಟರಿನಲ್ಲೂ ಒಂದು ಪ್ರತಿ ಇಡು ಅಂತ ಹೇಳಿದರೆ ನೆಟ್ ಇಲ್ಲದಾಗಲೂ ಓದಬಹುದು. ಅಂದರೆ ನನಗೆ ಬೇಕಾಗಿದ್ದದ್ದು ಇದರಲ್ಲೂ ಇತ್ತು! ಕಳಿಸಿದ್ದೂ ಸರ್ವರ್‌ನಲ್ಲಿ ಉಳಿಯುತ್ತದೆ. ಒಂದು ಕಡೆ ಅಳಿಸಿದರೆ ಎಲ್ಲ ಕಡೆಯೂ ಹೋಗುತ್ತದೆ, ಅದೊಂದು ನೆನಪಿರಲಿ.

ನಿಮ್ಮದು ಈಗಾಗಲೇ ಪಾಪ್ ಆಗಿದ್ದರೆ ಇವತ್ತೇ ಆ 14 ದಿನದ ಟಿಕ್ ತೆಗೆಯಿರಿ. ಐಮ್ಯಾಪ್‌ಗೆ ಬದಲಾಯಿಸುವ ಆತುರದಲ್ಲಿ ಹಳೇ ಅಕೌಂಟ್ ಅಳಿಸಬೇಡಿ. ಅದರ ಜೊತೆ ಇಳಿಸಿಕೊಂಡ ಮೇಲ್ ಕೂಡ ಹೋಗಬಹುದು. ಮೊದಲು ಮೇಲ್ ಫೋಲ್ಡರನ್ನು ಪೂರ್ತಿ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ, ಆಮೇಲೆ ಮುಂದಿನದು.