ಬೇಸಿಗೆಗೆ ಹಂಪಿಯೋ, ಬಾದಾಮಿಯೋ?

ಕಾರಿನಲ್ಲಿ ಎರಡೇ ದಿನಕ್ಕೆ ಹೊರಡುವುದಾದರೆ, ಏಪ್ರಿಲ್ ಬಿಸಿಲಿಗೆ ನನ್ನ ಓಟು ಬಾದಾಮಿಗೆ. ಆ ಸೀಮೆಯಲ್ಲೇ ಬೆಳೆದವಳು, ಅಭಿಮಾನ ಇದ್ದೇ ಇದೆ. ಆದರೆ ಮುಖ್ಯ ಕಾರಣ ನೆರಳು. ಮೆಟ್ಟಿಲು ಹತ್ತಿ ಮೂರನೇ ಗುಹೆಯೊಳಗೆ ಕಾಲಿಟ್ಟರೆ ಅಂಗಾಲಿಗೆ ಕಲ್ಲು ತಣ್ಣಗೆ ತಾಗುತ್ತದೆ. ಕ್ರಿ.ಶ. 578ರ, ಚಾಲುಕ್ಯ ವಂಶದ ಮಂಗಳೇಶನ ಶಾಸನ ಅಲ್ಲೇ ಇದೆ. ಕೆಳಗೆ ಅಗಸ್ತ್ಯ ತೀರ್ಥವೆಂಬ ಕೆರೆ. ಪಟ್ಟದಕಲ್ಲು ಸುಮಾರು 22 ಕಿ.ಮೀ., ಐಹೊಳೆ ಇನ್ನೊಂದಿಷ್ಟು ಮುಂದೆ.

ಹಂಪಿಯ ಹರವೇ ಬೇರೆ. ಬಂಡೆಗಳು ಕಾದು ಸಂಜೆಯವರೆಗೂ ಝಳ ಹೊಡೆಯುತ್ತವೆ, ಸ್ಮಾರಕಗಳು ದೂರ ದೂರ. ಕಲ್ಲಿನ ರಥ ನೋಡಲು ಬೆಳಿಗ್ಗೆ ಬೇಗನೆ ಹೋಗಬೇಕು. ಮೂರು ದಿನ ಬಿಡುವಿದ್ದು, ಮಧ್ಯಾಹ್ನ ರೂಮಿನಲ್ಲಿ ಕಳೆಯುವ ತಾಳ್ಮೆಯಿದ್ದರೆ ಹಂಪಿಯೇ ಸರಿ.

ಜೊತೆಗೆ ವಯಸ್ಸಾದವರಿದ್ದರೆ ಬಾದಾಮಿಯ ಮೆಟ್ಟಿಲು ಬಿಟ್ಟು ಪಟ್ಟದಕಲ್ಲಿಗೇ ಹೋಗಿ: ಬಹುತೇಕ ಗುಡಿಗಳು ಒಂದೇ ಆವರಣದಲ್ಲಿವೆ.