ಹಳೇ ಕಾರಿಗೆ ಬ್ಲೇಡ್ ಫ್ಯೂಸ್ ಬಾಕ್ಸ್: ವರ್ಷಗಟ್ಟಲೆ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಹಳೇ ಫ್ಯೂಸ್ ಪ್ಯಾನೆಲ್ ತೆಗೆದು ಬ್ಲೇಡ್ ಫ್ಯೂಸಿನ (ಎರಡು ಚಪ್ಪಟೆ ಲೋಹದ ಕಾಲಿರುವ ಫ್ಯೂಸ್) ಬಾಕ್ಸ್ ಹಾಕಿದ್ದು ಒಳ್ಳೆಯದೇ ಆಯಿತು. ಆದರೆ ಬಾಕ್ಸ್ ಮಾರುವವರು ಎತ್ತಿ ಎತ್ತಿ ಹೇಳುವ ಗುಣಗಳಲ್ಲಿ ಅರ್ಧಕ್ಕರ್ಧ ನನ್ನ ಉಪಯೋಗಕ್ಕೆ ಬರಲಿಲ್ಲ. ನಿಜವಾಗಿ ಉಪಯೋಗಕ್ಕೆ ಬಂದದ್ದನ್ನು ಅವರು ಹೇಳಿರಲೇ ಇಲ್ಲ.

ನನ್ನದು ಎಪ್ಪತ್ತರ ದಶಕದ ಕಾರು. ಅದರಲ್ಲಿ ಇದ್ದದ್ದು ಉದ್ದನೆಯ ಪಿಂಗಾಣಿ ಫ್ಯೂಸು. ಎರಡೂ ತುದಿ ಚೂಪು, ಮೈಮೇಲೆ ತೆಳ್ಳನೆಯ ಲೋಹದ ಪಟ್ಟಿ. ಎರಡು ಹಿತ್ತಾಳೆ ಕ್ಲಿಪ್ಪುಗಳ ಮಧ್ಯೆ ಒತ್ತಿಕೊಂಡು ಕೂತಿರುತ್ತದೆ, ಅಷ್ಟೇ. ಹೊಸದರಲ್ಲಿ ಏನೂ ತೊಂದರೆ ಇಲ್ಲ. ಕಾಲ ಕಳೆದಂತೆ ಕ್ಲಿಪ್ಪಿನ ಬಿಗಿ ಹೋಗುತ್ತದೆ, ತುದಿಗೆ ಕಿಲುಬು ಹಿಡಿಯುತ್ತದೆ. ಆಮೇಲೆ ಶುರುವಾಗುತ್ತದೆ ನೋಡಿ ಆಟ. ವೈಪರ್ ಓಡುತ್ತಿಲ್ಲ ಅಂತ ನೋಡಿದರೆ ಫ್ಯೂಸ್ ಸುಟ್ಟಿರುವುದಿಲ್ಲ. ಹೆಬ್ಬೆರಳಿನಿಂದ ಫ್ಯೂಸನ್ನು ಒಂಚೂರು ತಿರುಗಿಸಿದರೆ ಸಾಕು, ವೈಪರ್ ಮತ್ತೆ ಓಡುತ್ತದೆ. ಹಳೇ ಕಾರು ಇಟ್ಟುಕೊಂಡವರಿಗೆಲ್ಲ ಈ ಹೆಬ್ಬೆರಳಿನ ರಿಪೇರಿ ಗೊತ್ತಿದ್ದದ್ದೇ, ಅಲ್ವಾ?

ಸುಮ್ನೆ ಕಿರಿಕಿರಿ ಅಷ್ಟೇ ಆಗಿದ್ದರೆ ನಾನೂ ಬಿಟ್ಟುಬಿಡುತ್ತಿದ್ದೆ. ಹೆಡ್‌ಲೈಟ್ ಹಾಕಿ, ಒಂದು ಫ್ಯೂಸಿನ ಎರಡು ಕಡೆಯ ಕ್ಲಿಪ್ಪಿಗೆ ವೋಲ್ಟ್ ಅಳೆಯುವ ಮಲ್ಟಿಮೀಟರ್ ಹಿಡಿದು ನೋಡಿದೆ. ಸುಮಾರು 0.6 ವೋಲ್ಟ್ ಅಲ್ಲೇ ನುಂಗಿಹೋಗುತ್ತಿತ್ತು. 55 ವ್ಯಾಟ್ ಬಲ್ಬು ಎಳೆಯುವುದು ಹೆಚ್ಚುಕಡಿಮೆ 4.6 ಆಂಪಿಯರ್. ಅಂದರೆ ಆ ಪುಟ್ಟ ಜಾಗದಲ್ಲಿ ಎರಡೂವರೆ ವ್ಯಾಟಿಗೂ ಜಾಸ್ತಿ ಶಾಖ. ಫ್ಯೂಸ್ ಕೂತಿದ್ದ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ, ಒಂದು ಕಡೆ ಮೆತ್ತಗಾಗಿ ಬಾಗಿತ್ತು. ಇಷ್ಟಾದರೂ ಫ್ಯೂಸ್ ಹಾರುವುದಿಲ್ಲ. ಯಾಕೆಂದರೆ ಕರೆಂಟ್ ಜಾಸ್ತಿ ಆಗಿಲ್ಲ, ಕಾಂಟ್ಯಾಕ್ಟ್ ಮಾತ್ರ ಕೆಟ್ಟಿದೆ. ಇಂಥ ಶಾಖ ಫ್ಯೂಸಿನ ಕಣ್ಣಿಗೆ ಬೀಳುವುದೇ ಇಲ್ಲ.

ಬ್ಲೇಡ್ ಫ್ಯೂಸಿನ ಲಾಭ ಇರುವುದೇ ಇಲ್ಲಿ. ಚಪ್ಪಟೆ ಕಾಲನ್ನು ಕ್ಲಿಪ್ಪು ಎರಡೂ ಕಡೆಯಿಂದ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಹೊಸ ಬಾಕ್ಸ್ ಕೂರಿಸಿ ಅದೇ ಜಾಗದಲ್ಲಿ ಅಳೆದಾಗ ಸಿಕ್ಕಿದ್ದು 40 ಮಿಲಿವೋಲ್ಟ್ (0.04 ವೋಲ್ಟ್) ಆಸುಪಾಸು. ಈಗ ವರ್ಷಗಳಾದ ಮೇಲೂ ಅದು ಏರಿಲ್ಲ. 12 ವೋಲ್ಟಿನಲ್ಲಿ 0.6 ಹೋದರೆ ಶೇ 5 ಹೋದ ಹಾಗೆ. ಹ್ಯಾಲೊಜೆನ್ ಬಲ್ಬಿಗೆ ವೋಲ್ಟೇಜ್ ಅಷ್ಟು ಇಳಿದರೆ ಬೆಳಕು ಹೆಚ್ಚುಕಡಿಮೆ ಶೇ 15 ಇಳಿಯುತ್ತದೆ. ಹಾಗಾಗಿ ರಾತ್ರಿ ಓಡಿಸುವಾಗ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ನಾನು ಬೇರೆ ಏನನ್ನೂ ಬದಲಾಯಿಸಿರಲಿಲ್ಲ, ಬಲ್ಬು ಕೂಡ ಅದೇ.

ಕೊಳ್ಳುವಾಗ ನೋಡಬೇಕಾದ ಮುಖ್ಯ ಸಂಗತಿ ಒಂದಿದೆ. ಅಂಗಡಿಯಲ್ಲಿ ಸಿಗುವ ಬಹುಪಾಲು ಬಾಕ್ಸುಗಳಲ್ಲಿ ಒಂದೇ ದಪ್ಪ ವೈರ್ ಒಳಗೆ ಬಂದು, ಅಲ್ಲಿಂದ ಎಲ್ಲ ಫ್ಯೂಸಿಗೂ ಹಂಚಿಕೆಯಾಗುತ್ತದೆ. ಹೊಸದಾಗಿ ಏನಾದರೂ ಸೇರಿಸುವುದಕ್ಕೆ ಅದು ಸರಿ. ಹಳೇ ಪ್ಯಾನೆಲ್ಲಿನ ಜಾಗಕ್ಕೆ ಅದು ಆಗಿಬರುವುದಿಲ್ಲ. ಕಾರಿನಲ್ಲಿ ಹಾರ್ನ್‌ನಂಥವಕ್ಕೆ ಯಾವಾಗಲೂ ಕರೆಂಟ್ ಬೇಕು. ವೈಪರಿಗೆ ಕೀ ತಿರುಗಿಸಿದ ಮೇಲೆ ಮಾತ್ರ ಬೇಕು. ಹೆಡ್‌ಲೈಟಿನ ಫ್ಯೂಸಿಗೆ ಸ್ವಿಚ್ ದಾಟಿದ ಮೇಲೆ ಬರುತ್ತದೆ, ಎಡಕ್ಕೂ ಬಲಕ್ಕೂ ಬೇರೆ ಬೇರೆ ಫ್ಯೂಸ್. ಎಲ್ಲವನ್ನೂ ಆ ಒಂದೇ ದಪ್ಪ ವೈರಿಗೆ ಕಟ್ಟಿದರೆ ಕೀ ತೆಗೆದರೂ ವೈಪರ್ ಓಡುತ್ತಲೇ ಇರುತ್ತದೆ! ಹಾಗಾಗಿ ಪ್ರತಿ ಫ್ಯೂಸಿಗೂ ಒಳಬರುವ ಮತ್ತು ಹೊರಹೋಗುವ ಟರ್ಮಿನಲ್ ಬೇರೆ ಬೇರೆ ಇರುವ ಬಾಕ್ಸನ್ನೇ ನಾನು ಹುಡುಕಿ ತಂದೆ. ಎಲ್ಲೆಲ್ಲಿ ಜೋಡಿಸಬೇಕೋ ಅಲ್ಲಿ ಸಣ್ಣ ಜಂಪರ್ (ಎರಡು ಟರ್ಮಿನಲ್ ಸೇರಿಸುವ ತುಂಡು ವೈರ್) ಹಾಕಿಕೊಂಡರಾಯಿತು.

ಕಷ್ಟ ಇರುವುದು ಬಾಕ್ಸಿನಲ್ಲಲ್ಲ, ವೈರಿನ ತುದಿಯಲ್ಲಿ. ಹಳೇ ತಾಮ್ರ ಕಪ್ಪಾಗಿರುತ್ತದೆ. ತಳತಳ ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸುತ್ತಾ ಹೋಗಬೇಕು. ಆಮೇಲೆ ಒಳ್ಳೆಯ ಕ್ರಿಂಪಿಂಗ್ ಇಕ್ಕಳದಲ್ಲಿ ಒತ್ತಿ ಲಗ್ (ವೈರಿನ ತುದಿಗೆ ಹಾಕುವ ಲೋಹದ ಟೋಪಿ) ಹಾಕಬೇಕು. ಮಾಮೂಲಿ ಕಟಿಂಗ್ ಪ್ಲೇಯರಿನಲ್ಲಿ ಒತ್ತಿದ ಲಗ್ ಇವತ್ತು ಗಟ್ಟಿಯಾಗಿದೆ ಅನ್ನಿಸುತ್ತದೆ, ಅಲುಗಾಟಕ್ಕೆ ನಾಳೆ ಸಡಿಲಾಗುತ್ತದೆ. ಆಗ ಕಾಂಟ್ಯಾಕ್ಟಿನ ಹಳೇ ರೋಗ ಹೊಸ ಬಾಕ್ಸಿಗೂ ಬಂತು. ಪ್ರತಿ ವೈರಿಗೂ ಚೀಟಿ ಕಟ್ಟಿ, ಒಂದೊಂದನ್ನೇ ಬಿಚ್ಚಿ ಹಾಕಿದರೆ ಗೊಂದಲ ಇರುವುದಿಲ್ಲ. ಬ್ಯಾಟರಿಯ ನೆಗೆಟಿವ್ ತೆಗೆದೇ ಕೈ ಹಾಕಬೇಕು ಅನ್ನುವುದನ್ನು ಬೇರೆ ಹೇಳಬೇಕಾಗಿಲ್ಲ.

ಆಂಪಿಯರ್ ಲೆಕ್ಕದಲ್ಲಿ ಜನ ಎಡವುತ್ತಾರೆ. ಫ್ಯೂಸ್ ಕಾಯುವುದು ವೈರನ್ನು, ಬಲ್ಬನ್ನಲ್ಲ. ಪಿಂಗಾಣಿಯಲ್ಲಿ ಬಿಳಿ 8, ಕೆಂಪು 16. ಬ್ಲೇಡಿನಲ್ಲಿ ಕಂದು 7.5, ಕೆಂಪು 10, ನೀಲಿ 15. ಕೆಂಪಿಗೆ ಕೆಂಪು ಅಂತ ಬಣ್ಣ ನೋಡಿ ಹಾಕಿದರೆ ಕೆಲಸ ಕೆಡುತ್ತದೆ. ನಾನು ಬಿಳಿಯ ಜಾಗಕ್ಕೆ 7.5, ಕೆಂಪಿನ ಜಾಗಕ್ಕೆ 15 ಹಾಕಿದ್ದೇನೆ. ಲೂಕಾಸ್ ಕಂಪನಿಯ ಗಾಜಿನ ಫ್ಯೂಸ್ ಇರುವ ಹಳೇ ಬ್ರಿಟಿಷ್ ಕಾರಿನವರು ಇನ್ನೂ ಹುಷಾರಾಗಿರಬೇಕು. ಅದರ ಮೇಲೆ 35 ಅಂತ ಬರೆದಿದ್ದರೆ ಅದು ಹಾರುವ ಕರೆಂಟ್. ಸತತವಾಗಿ ತಡೆಯುವುದು ಅದರ ಅರ್ಧ, 17.5 ಮಾತ್ರ. ಅಲ್ಲಿ 35ರ ಬ್ಲೇಡ್ ಹಾಕಿದರೆ ಫ್ಯೂಸಿಗಿಂತ ಮೊದಲು ವೈರೇ ಸುಡುತ್ತದೆ.

ಇನ್ನು ದೂರುಗಳು. ಫ್ಯೂಸ್ ಹಾರಿದರೆ ಕೆಂಪು ಎಲ್‌ಇಡಿ ಹತ್ತುತ್ತದೆ ಅನ್ನುವುದು ಇದರ ದೊಡ್ಡ ಆಕರ್ಷಣೆ. ಆದರೆ ಆ ಸರ್ಕ್ಯೂಟಿಗೆ ಕರೆಂಟ್ ಬರುತ್ತಿದ್ದು, ಆಚೆ ಬಲ್ಬೋ ಮೋಟರೋ ಆನ್ ಆಗಿದ್ದರೆ ಮಾತ್ರ ಅದು ಹತ್ತುತ್ತದೆ. ಫ್ಯೂಸ್ ಹಾರಿದ್ದು, ಆಚೆಗಿನ ಸ್ವಿಚ್ ಆಫ್ ಇದ್ದರೆ ಏನೂ ಕಾಣುವುದಿಲ್ಲ. ಇನ್ನೊಂದು ತಮಾಷೆ, ಆಚೆ ಎಲ್‌ಇಡಿ ಬಲ್ಬು ಇದ್ದರೆ ಸೂಚಕದ ಮೂಲಕ ಹರಿಯುವ ಚೂರು ಕರೆಂಟಿಗೇ ಅದು ಮಿಣಮಿಣ ಅನ್ನಬಹುದು. ನನ್ನ ಬಾಕ್ಸಿನ ಸೂಚಕಗಳಲ್ಲಿ ಒಂದಂತೂ ಆಗಲೇ ಸತ್ತಿದೆ, ಅದರಿಂದ ಏನೂ ನಷ್ಟವಿಲ್ಲ. ಜೊತೆಗೆ ಕೊಟ್ಟಿದ್ದ ಸ್ಟಿಕ್ಕರುಗಳು ಶಾಖಕ್ಕೆ ಎದ್ದುಬಂದವು. ಈಗ ಮುಚ್ಚಳದ ಒಳಗೆ ಪೆನ್ಸಿಲ್ಲಿನಲ್ಲಿ ಬರೆದ ಕಾಗದ ಅಂಟಿಸಿದ್ದೇನೆ.

ಉಚಿತವಾಗಿ ಬಂದ ಫ್ಯೂಸುಗಳ ಮೇಲೆ ನನಗೆ ಸ್ವಲ್ಪವೂ ನಂಬಿಕೆ ಬರಲಿಲ್ಲ. ಕಾಲಿನ ಲೋಹ ಉಗುರಿನಲ್ಲಿ ಒತ್ತಿದರೆ ಬಾಗುವಷ್ಟು ತೆಳು. ಕಳಪೆ ಫ್ಯೂಸುಗಳು ಬರೆದ ಆಂಪಿಯರ್ ದಾಟಿದರೂ ಹಾರದೆ ಉಳಿಯುವುದುಂಟು. ಎಲ್ಲವನ್ನೂ ಕಸಕ್ಕೆ ಹಾಕಿ ಹೆಸರಿರುವ ಕಂಪನಿಯ ಫ್ಯೂಸ್ ಹಾಕಿದೆ.

ಬಾಕ್ಸಿನ ಹಿಂಬದಿಯಲ್ಲಿ ವೈರ್ ಹಿಡಿಯುವ ಸ್ಕ್ರೂಗಳು ನಿಧಾನಕ್ಕೆ ಸಡಿಲಾಗುತ್ತವೆ. ವರ್ಷಕ್ಕೊಮ್ಮೆ ಬಿಗಿ ಮಾಡುತ್ತೇನೆ. ಸ್ಕ್ರೂ ಬದಲು ಒತ್ತಿ ಸಿಕ್ಕಿಸುವ ಚಪ್ಪಟೆ ಸ್ಪೇಡ್ ಟರ್ಮಿನಲ್ ಇರುವ ಬಾಕ್ಸ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ, ಈ ಕೆಲಸ ತಪ್ಪುತ್ತದೆ. ಪ್ಲಾಸ್ಟಿಕ್ ಕರಗಿಲ್ಲ, ಕ್ಲಿಪ್ಪಿನ ಬಿಗಿ ಇನ್ನೂ ಚೆನ್ನಾಗಿದೆ ಅನ್ನುವಂಥ ಹಳೇ ಪ್ಯಾನೆಲ್ ನಿಮ್ಮದಾದರೆ ಬಾಕ್ಸೇ ಬೇಡ. ಕ್ಲಿಪ್ಪುಗಳನ್ನು ಉಜ್ಜಿ ಹೊಸ ಫ್ಯೂಸ್ ಹಾಕಿ, ಮೀಟರ್ ಹಿಡಿದು ನೋಡಿ. ಆಮೇಲೂ ಅರ್ಧ ವೋಲ್ಟ್ ತಿನ್ನುತ್ತಿದ್ದರೆ ಆಗ ಬದಲಾಯಿಸಿ.